ಗ್ರಂಥಕರ್ತನ ಸಹಿ, ವಾಚಕನ ಸಹಿ

ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಮಾಡದಕೆರೆಯೂ ಒಂದು. ತೆಂಗಿನ ತೋಟಗಳೂ ಮಳೆಯನ್ನೇ ನೆಚ್ಚಿಕೊಂಡ ಹೊಲಗಳೂ ಒಂದರ ಮಗ್ಗುಲಿಗೊಂದು ಹಬ್ಬಿರುವ ಸೀಮೆ ಅದು. ಅದೇ ತಾಲ್ಲೂಕನ್ನು ಹಾದು ಹಿರಿಯೂರಿನ ಕಡೆಗೆ ಹರಿಯುವ ವೇದಾವತಿಯನ್ನು ಮಾರಿಕಣಿವೆಯಲ್ಲಿ ಅಣೆಕಟ್ಟು ತಡೆದು ನಿಲ್ಲಿಸಿದೆ. 1907ರಲ್ಲಿ ಕಟ್ಟಿ ಮುಗಿದ ಆ ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದು ಹೆಸರು. ನೀರಿಗೆ ಹಾದಿ ಕಾದು ಅಭ್ಯಾಸವಾದ ಜನ ಅಲ್ಲಿಯವರು. ಬಸ್ಸಿಗೆ ಕಾಯುವುದೂ, ಪೇಟೆಯಿಂದ ಬರಬೇಕಾದ ವಸ್ತುವಿಗೆ ಕಾಯುವುದೂ ಅವರಿಗೆ ಹೊಸದಲ್ಲ. ಪೇಟೆಯಿಂದ ಬರಬೇಕಾದ ವಸ್ತುಗಳಲ್ಲಿ ಪುಸ್ತಕವೂ ಒಂದು.

ಇಂಥ ಊರುಗಳ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಬಾಗಿಲ ಬಳಿಯ ಮೇಜಿನ ಮೇಲಿರುವ ಉದ್ದನೆಯ ರಿಜಿಸ್ಟರು. ಪುಸ್ತಕದ ಕಪಾಟು ಆಮೇಲೆ. ದಿನಪತ್ರಿಕೆ ಓದಲು ಬಂದವನೂ ಅದರಲ್ಲಿ ಸಹಿ ಮಾಡಬೇಕು. ಕಾದಂಬರಿಯನ್ನು ಮನೆಗೆ ಒಯ್ಯುವವಳೂ ಸಹಿ ಮಾಡಬೇಕು. ಶಾಲೆಯ ಹುಡುಗನ ದುಂಡು ಅಕ್ಷರ, ನಿವೃತ್ತ ಮೇಷ್ಟರ ಓಟದ ಬರಹ, ಈಚೆಗಷ್ಟೇ ಅಕ್ಷರ ಕಲಿತ ಅಜ್ಜಿಯ ನಡುಗುವ ಗೆರೆ ಎಲ್ಲವೂ ಆ ಹಾಳೆಗಳ ಮೇಲೆ ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತವೆ. ಗ್ರಂಥಾಲಯವೆಂಬುದು ವಾಚಕನು ಸಹಿ ಮಾಡುವ ಸ್ಥಳ.

ಹಾಗಾದರೆ ಗ್ರಂಥಕರ್ತನ ಸಹಿ ಎಲ್ಲಿ? ಮೆಚ್ಚಿನ ಕಾದಂಬರಿಕಾರರು ಎದುರಿಗೆ ಕುಳಿತು, ಹೆಸರು ಕೇಳಿ, ಪುಸ್ತಕದ ಮೊದಲ ಪುಟದ ಮೇಲೆ ಎರಡು ಮಾತು ಬರೆದುಕೊಡುವ ಭಾಗ್ಯ ಬೆಂಗಳೂರು, ಮೈಸೂರು, ಧಾರವಾಡಗಳ ವಾಚಕರಿಗೆ ಅಷ್ಟೇನೂ ದುರ್ಲಭವಲ್ಲ. ಹೋಬಳಿಯ ಊರಿನ ವಾಚಕನಿಗೆ ಅದು ಬಹುಮಟ್ಟಿಗೆ ಕೇಳಿದ ಕಥೆ. ಓದುವ ಆಸೆಯಲ್ಲಿ ಇಬ್ಬರಿಗೂ ವ್ಯತ್ಯಾಸವಿಲ್ಲದಿರುವಾಗ ಈ ಸಂತೋಷದಲ್ಲಿ ಮಾತ್ರ ಇಷ್ಟು ಅಂತರವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟರೆ ಕನ್ನಡ ಪುಸ್ತಕ ನಡೆದುಬಂದ ದಾರಿಯೇ ಕಣ್ಣೆದುರಿಗೆ ತೆರೆದುಕೊಳ್ಳುತ್ತದೆ.

ಅಂಕಿತದ ನಾಡು

ಸಹಿಯ ಮೋಹ ಕನ್ನಡಿಗರಿಗೆ ಪರದೇಶದಿಂದ ಬಂದದ್ದೆಂದು ಭಾವಿಸುವವರು ಉಂಟು. ಸಣ್ಣ ಆಟೋಗ್ರಾಫ್ ಪುಸ್ತಕ ಹೊರಗಿನಿಂದ ಬಂದದ್ದು ದಿಟ. ಆದರೆ ಬರೆದವನು ತನ್ನ ಬರಹದೊಳಗೇ ಗುರುತು ಇಡುವ ಪದ್ಧತಿ ಈ ನಾಡಿನಲ್ಲಿ ಎಂಟುನೂರು ವರ್ಷಗಳಿಗೂ ಹಿಂದಿನದು. 12ನೆಯ ಶತಮಾನದ ಶರಣರು ಪ್ರತಿಯೊಂದು ವಚನದ ಕೊನೆಗೂ ಅಂಕಿತವನ್ನಿಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುಗಳದು ಗುಹೇಶ್ವರ. ಮುಂದೆ ಹರಿದಾಸರೂ ಅದೇ ಹಾದಿಯಲ್ಲಿ ನಡೆದರು. ಪುರಂದರವಿಠಲ ಎಂಬ ಮಾತು ಕೊನೆಯಲ್ಲಿ ಬಂದೊಡನೆ ಹಾಡು ಯಾರದೆಂದು ಕೇಳುವ ಅಗತ್ಯವೇ ಉಳಿಯುವುದಿಲ್ಲ.

ಈ ಅಂಕಿತದಲ್ಲಿ ಒಂದು ಸ್ವಾರಸ್ಯವಿದೆ. ಬರೆದವರು ತಮ್ಮ ಹೆಸರನ್ನು ಹಾಕಲಿಲ್ಲ. ತಾವು ನಂಬಿದ ದೈವದ ಹೆಸರನ್ನು ಹಾಕಿದರು. ಆದರೂ ವಚನ ಇಂಥವರದೆಂದು ವಿದ್ವಾಂಸರು ನಿರ್ಧರಿಸುವುದಕ್ಕೆ ಮುಖ್ಯ ಆಧಾರ ಇಂದಿಗೂ ಅದೇ. ತಾಳೆಗರಿಯ ಕಾಲದಲ್ಲಿ ಕವಿಯಷ್ಟೇ ಅಲ್ಲ, ಪ್ರತಿ ಮಾಡಿದ ಲಿಪಿಕಾರನೂ ಕೊನೆಯ ಗರಿಯ ಮೇಲೆ ಸಂವತ್ಸರ, ಮಾಸ, ತಿಥಿಗಳನ್ನು ಬರೆದು, ತನ್ನ ಹೆಸರನ್ನು ಹೇಳಿ, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ವಾಚಕರನ್ನು ಬೇಡಿಕೊಳ್ಳುವುದುಂಟು. ಒಂದೊಂದು ಪ್ರತಿಯೂ ಒಬ್ಬನ ಕೈಯಿಂದ ಮೂಡಿ ಇನ್ನೊಬ್ಬನ ಕೈಗೆ ಹೋಗುತ್ತಿದ್ದ ಕಾಲ ಅದು. ಪುಸ್ತಕವೆಂದರೆ ಕೈಬರಹವೇ ಆಗಿದ್ದುದರಿಂದ ಹಸ್ತಾಕ್ಷರವನ್ನು ಬೇರೆಯಾಗಿ ಬೇಡುವ ಪ್ರಸಂಗವೇ ಇರಲಿಲ್ಲ.

ಮುದ್ರಣಯಂತ್ರ ಬಂದ ಮೇಲೆ ಈ ನಂಟು ಸಡಿಲವಾಯಿತು. ಒಂದೇ ಅಚ್ಚಿನ ಸಾವಿರ ಪ್ರತಿಗಳು ಹೊರಟವು. ಯಾವ ಪ್ರತಿ ಯಾರ ಮನೆ ಸೇರಿತೆಂಬುದು ಬರೆದವನಿಗೆ ತಿಳಿಯದೆ ಹೋಯಿತು. ಅಂದಿನಿಂದಲೇ ವಾಚಕನಿಗೆ ಸಹಿಯ ಹಂಬಲ ಹುಟ್ಟಿತೆನ್ನಬೇಕು. ಸಾವಿರ ಪ್ರತಿಗಳ ನಡುವೆ ತನ್ನದೊಂದು ಮಾತ್ರ ಬರೆದವನ ಕೈಸೋಕಿದ್ದಾಗಿರಲಿ ಎಂಬ ಆಸೆಯಷ್ಟೆ ಅದು.

ಹೆಗಲ ಮೇಲಿನ ಪುಸ್ತಕದ ಗಂಟು

ಆದರೆ ಅಚ್ಚಿನ ಪುಸ್ತಕದ ಮೊದಲ ದಿನಗಳಲ್ಲಿ ಕನ್ನಡ ಗ್ರಂಥಕರ್ತನು ವಾಚಕನಿಂದ ದೂರ ಉಳಿಯಲು ಸಾಧ್ಯವೇ ಇರಲಿಲ್ಲ. ದೂರ ಉಳಿದರೆ ಪುಸ್ತಕ ಮಾರಾಟವಾಗುತ್ತಿರಲಿಲ್ಲ. ಇದಕ್ಕೆ ಹಿರಿಯ ನಿದರ್ಶನ ಗಳಗನಾಥರು.

ವರದಾ ಮತ್ತು ತುಂಗಭದ್ರೆಯರ ಸಂಗಮದ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ತಮ್ಮ ಊರಿನ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡು ಅವರು ಬರೆದ ಕಾದಂಬರಿಗಳು ಉತ್ತರ ಕರ್ನಾಟಕದ ಮನೆಮನೆಗೂ ಓದುವ ರುಚಿಯನ್ನು ಹತ್ತಿಸಿದವು. ಮರಾಠಿಯ ಪ್ರಭಾವ ದಟ್ಟವಾಗಿದ್ದ ಆ ಪ್ರದೇಶದಲ್ಲಿ ಕನ್ನಡವನ್ನು ಓದುವವರು ಯಾರು ಎಂಬ ಸ್ಥಿತಿ ಇದ್ದಾಗ ಅವರು ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಕಥೆಯನ್ನು ತಿಂಗಳು ತಿಂಗಳು ಉಣಬಡಿಸಿದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ 1923ರಲ್ಲಿ ಬಂದಿತು.

ಪುಸ್ತಕ ಅಚ್ಚಾದ ಮೇಲೆ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ, ಮನೆಯ ಬಾಗಿಲಲ್ಲಿ ನಿಂತು ಮಾರಿದರು. ಪುಸ್ತಕ ಮಾರುವವನೂ ಬರೆದವನೂ ಒಬ್ಬನೇ ಎಂಬುದು ಕೊಂಡವರಲ್ಲಿ ಎಷ್ಟು ಮಂದಿಗೆ ಅರಿವಾಗಿತ್ತೋ! ತಮ್ಮ ಕಾದಂಬರಿಯ ನಾಯಕ ನಾಯಿಕೆಯರನ್ನು ಹೆಗಲ ಮೇಲೆ ಹೊತ್ತುಕೊಂಡು ಬಿಸಿಲಲ್ಲಿ ನಡೆದ ಆ ಮನುಷ್ಯನಿಂದ ಯಾರಾದರೂ ಸಹಿ ಬೇಡಿದ್ದರೇ ಎಂದು ಕೇಳುವುದೂ ಅನಾವಶ್ಯಕ. ಬಾಗಿಲಿಗೆ ಬಂದ ಹೆಜ್ಜೆಯೇ ಅವರ ಸಹಿಯಾಗಿತ್ತು. 1942ರಲ್ಲಿ ಅವರು ತೀರಿಕೊಂಡಾಗ ಹಿಂದೆ ಬಿಟ್ಟುಹೋದ ಆಸ್ತಿ ಒಂದೇ. ಅದು ಕನ್ನಡದಲ್ಲಿ ಓದುವವರ ಒಂದು ದೊಡ್ಡ ಸಮುದಾಯ.

ಈ ಪರಂಪರೆ ಅವರೊಂದಿಗೆ ಮುಗಿಯಲಿಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದಾಗ ಚಂದಾದಾರರನ್ನು ಕೂಡಿಸಿ, ವರ್ಷದ ಪುಸ್ತಕಗಳನ್ನು ಅವರಿಗೆ ಮುಟ್ಟಿಸುವ ಕ್ರಮವನ್ನು ಅನುಸರಿಸಿದರು. ಬೆಂಗಳೂರಿನಲ್ಲಿ ಜಿ. ಪಿ. ರಾಜರತ್ನಂ ಅವರು ಪ್ರಾಧ್ಯಾಪಕರಾಗಿದ್ದೂ ಪುಸ್ತಕದ ಚೀಲ ಹೊರುವುದರಲ್ಲಿ ಸಂಕೋಚಪಡಲಿಲ್ಲ. ತಮ್ಮ ಪುಸ್ತಕಗಳನ್ನಷ್ಟೇ ಅಲ್ಲ, ಇತರರ ಕನ್ನಡ ಪುಸ್ತಕಗಳನ್ನೂ ವಿದ್ಯಾರ್ಥಿಗಳ ಕೈಗೆ ಮುಟ್ಟಿಸಿದರು. ಗ್ರಂಥಕರ್ತನು ವಾಚಕನಿದ್ದಲ್ಲಿಗೆ ಹೋಗುವುದು ಈ ನಾಡಿನಲ್ಲಿ ಹಿಂದೆ ಪಾಠವಾಗಿತ್ತು, ವ್ರತವಾಗಿತ್ತು.

ಧಾರಾವಾಹಿಯ ಕಾಲ

ಕಾದಂಬರಿಯ ಸುಗ್ಗಿ ಬಂದದ್ದು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ. ಅ. ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು ‘ಕಾದಂಬರಿ ಸಾರ್ವಭೌಮ’ರೆನಿಸಿದರು, ಭಾಷಣಕ್ಕೆ ನಿಂತರೆ ಸಭೆಯನ್ನು ಹಿಡಿದಿಡಬಲ್ಲವರಾಗಿದ್ದರು. ವಾರಪತ್ರಿಕೆಗಳ ಧಾರಾವಾಹಿಗಳು ಮನೆಯ ಹೆಂಗಸರನ್ನೂ ಹಿರಿಯರನ್ನೂ ಒಂದೇ ಪುಟದ ಸುತ್ತ ಕೂಡಿಸಿದವು. ಕಥೆ ರೋಚಕವಾದೆಡೆಯಲ್ಲಿ ‘ಮುಂದಿನ ವಾರಕ್ಕೆ’ ಎಂದು ನಿಂತಾಗ ವಾಚಕಿಗೆ ಉಂಟಾಗುತ್ತಿದ್ದ ತಳಮಳವೇ ಲೇಖಕರಿಗೆ ಬರೆದ ಸಾವಿರಾರು ಕಾಗದಗಳಿಗೆ ಕಾರಣ.

ಈ ತಳಮಳ ಕನ್ನಡಿಗರಿಗೆ ಮಾತ್ರ ಮೀಸಲಾದುದಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಡಿಕೆನ್ಸ್ ತನ್ನ ಕಾದಂಬರಿಗಳನ್ನು ಕಂತುಗಳಲ್ಲಿ ಪ್ರಕಟಿಸಿ ಲಕ್ಷಾಂತರ ವಾಚಕರನ್ನು ಸಂಪಾದಿಸಿದ್ದ. ಅಷ್ಟರಿಂದಲೇ ತೃಪ್ತನಾಗದೆ 1858ರಿಂದ ಊರಿನಿಂದ ಊರಿಗೆ ಸಂಚರಿಸಿ, ತುಂಬಿದ ಸಭೆಗಳಲ್ಲಿ ತನ್ನ ಕೃತಿಗಳನ್ನು ತಾನೇ ಓದಿದ. 1867ರ ಕೊನೆಯಲ್ಲಿ ಅಮೆರಿಕಕ್ಕೂ ಹೋಗಿ ಓದಿದ. 1870ರಲ್ಲಿ ಅವನು ತೀರಿಕೊಂಡುದಕ್ಕೆ ಈ ಓದಿನ ಪ್ರಯಾಣಗಳ ಆಯಾಸವೂ ಒಂದು ಕಾರಣವೆಂದು ಅನೇಕರು ತಿಳಿಯುತ್ತಾರೆ. ಅಚ್ಚಿನ ಕೀರ್ತಿ ಎಷ್ಟೇ ಬೆಳೆದಿದ್ದರೂ ಮುಖಾಮುಖಿಯ ಸುಖಕ್ಕೆ ಅದು ಸಮನಲ್ಲವೆಂಬುದು ಅವನಿಗೆ ತಿಳಿದಿತ್ತು.

ಕನ್ನಡದಲ್ಲಿ ಈ ಮುಖಾಮುಖಿ ಎಲ್ಲರಿಗೂ ದೊರೆಯಲಿಲ್ಲ. ತ್ರಿವೇಣಿಯವರ ಉದಾಹರಣೆಯನ್ನೇ ನೋಡಬಹುದು. ‘ಬೆಳ್ಳಿಮೋಡ’, ‘ಶರಪಂಜರ’ಗಳ ಕರ್ತೃವಾದ ಅವರನ್ನು ಮನೆಯ ಹೆಣ್ಣುಮಕ್ಕಳು ತಮ್ಮ ಅಂತರಂಗವನ್ನು ಬಲ್ಲ ಅಕ್ಕನೆಂದೇ ಭಾವಿಸಿದ್ದರು. ಆ ಕಾಲದ ಗೃಹಿಣಿಗೆ ಸಭೆಗೆ ಹೋಗಿ ಲೇಖಕಿಯನ್ನು ಕಾಣುವುದು ಸುಲಭವಿರಲಿಲ್ಲ. ಮಗನ ಕೈಗೆ ಚೀಲ ಕೊಟ್ಟು ಲೈಬ್ರರಿಯಿಂದ ಪುಸ್ತಕ ತರಿಸಿಕೊಳ್ಳುವುದು, ಅಡಿಗೆ ಮುಗಿದ ಮಧ್ಯಾಹ್ನ ಅದನ್ನು ಓದಿ ಮುಗಿಸಿ ಮರುದಿನ ಹಿಂದಿರುಗಿಸುವುದು ಇಷ್ಟೇ ಅವಳಿಗೆ ಸಾಧ್ಯವಿದ್ದುದು. ಎಂದಾದರೊಂದು ದಿನ ಅವರನ್ನು ಕಾಣಬೇಕೆಂದು ಎಷ್ಟು ಮಂದಿ ಅಂದುಕೊಂಡಿದ್ದರೋ, 1963ರಲ್ಲಿ ತ್ರಿವೇಣಿಯವರು ಮೂವತ್ತೈದು ತುಂಬುವ ಮೊದಲೇ ಕಾಲವಾದರು. ಅರ್ಧಕ್ಕೆ ನಿಂತ ‘ಅವಳ ಮನೆ’ಯನ್ನು ಎಂ. ಸಿ. ಪದ್ಮಾ ಅವರು ಪೂರ್ತಿ ಮಾಡಿಕೊಟ್ಟರು. ಕಾದಂಬರಿಯೇನೋ ಪೂರ್ತಿಯಾಯಿತು, ಲೇಖಕಿಯನ್ನು ಕಾಣಬೇಕೆಂಬ ವಾಚಕಿಯರ ಆಸೆಯನ್ನು ಪೂರ್ತಿ ಮಾಡಬಲ್ಲವರು ಯಾರೂ ಇರಲಿಲ್ಲ.

ದುರ್ಗದ ಕಾದಂಬರಿಕಾರ

ಚಿತ್ರದುರ್ಗದ ಸೀಮೆಯಲ್ಲಿ ‘ಮೆಚ್ಚಿನ ಲೇಖಕ’ ಎಂದೊಡನೆ ಮೊದಲು ನಾಲಗೆಗೆ ಬರುವ ಹೆಸರು ತ. ರಾ. ಸು. ಅವರದು. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು ಹುಟ್ಟಿದ್ದು 1920ರಲ್ಲಿ ಮಲೆಬೆನ್ನೂರಿನಲ್ಲಿ. ಮನೆತನದ ಮೂಲ ಚಳ್ಳಕೆರೆ ತಾಲ್ಲೂಕಿನ ತಳುಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಇದೇ ಮನೆತನದವರು. ತರುಣ ಸುಬ್ಬರಾಯರು ಸ್ವಾತಂತ್ರ್ಯದ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡು, ಅ. ನ. ಕೃ. ಅವರೊಡನೆ ಪ್ರಗತಿಶೀಲ ಪಂಥದಲ್ಲಿ ನಿಂತು, ಬರಹವನ್ನೇ ಬದುಕಾಗಿ ಸ್ವೀಕರಿಸಿದರು.

ದುರ್ಗದ ಪಾಳೆಯಗಾರರ ಇತಿಹಾಸ ಶಾಸನಗಳಲ್ಲೂ ಬಖೈರುಗಳಲ್ಲೂ ಇತ್ತು. ಅದನ್ನು ಜನರ ನಾಲಗೆಗೆ ತಂದವರು ತ. ರಾ. ಸು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಆರಂಭವಾದ ಆ ಮಾಲೆಗೆ ‘ಹೊಸ ಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ಗಳು ಸೇರಿದವು. 1972ರಲ್ಲಿ ‘ನಾಗರಹಾವು’ ಚಲನಚಿತ್ರವಾಗಿ ಬಂದಾಗ ಓದು ಬಾರದವರೂ ಅವರ ಪಾತ್ರಗಳನ್ನು ಹೆಸರಿಟ್ಟು ಕರೆಯುವಂತಾಯಿತು. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿದ್ದ ಕಥೆ ಮಾತ್ರ ಬಹುಕಾಲ ಉಳಿದುಕೊಂಡಿತ್ತು. ಕೊನೆಯ ಮದಕರಿನಾಯಕನ ಆ ಕಥೆಯನ್ನು ಅವರು ‘ದುರ್ಗಾಸ್ತಮಾನ’ದಲ್ಲಿ ಹೇಳಿ ಮುಗಿಸಿದ್ದು 1982ರಲ್ಲಿ. 1984ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ.

ಎಂದರೆ, ಪ್ರಶಸ್ತಿಯ ಸುದ್ದಿ ಕೇಳಿ ಆ ಪುಸ್ತಕವನ್ನು ಅರಸಿ ಹೋದ ವಾಚಕರಲ್ಲಿ ಒಬ್ಬರಿಗೂ ಕರ್ತೃವಿನ ಸಹಿ ದೊರೆಯುವಂತಿರಲಿಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಕಡೆಯಲ್ಲಿ ಇಂದು ಆ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಹುಡುಗ ಹುಡುಗಿಯರು ಲೇಖಕರು ಅಗಲಿದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವರು. ಬೇಸಿಗೆಯ ರಜೆಯಲ್ಲಿ ಕೋಟೆಯ ಏಳು ಸುತ್ತನ್ನು ಹತ್ತಿ ಇಳಿಯುವಾಗ ಅವರ ಕಿವಿಯಲ್ಲಿ ಮೊಳಗುವ ದನಿ ತ. ರಾ. ಸು. ಅವರದೇ. ಪುಸ್ತಕದಲ್ಲಿ ಇಲ್ಲದ ಸಹಿಯನ್ನು ದುರ್ಗದ ಕಲ್ಲುಗಳ ಮೇಲೆ ಓದಿಕೊಳ್ಳುವುದಷ್ಟೇ ಅವರಿಗೆ ಉಳಿದಿರುವುದು.

ರೂಪಾಯಿಗೆ ಆರು ಪೈಸೆ

ಲೇಖಕರು ಊರಿಗೆ ಬರದಿದ್ದರೂ ಪುಸ್ತಕ ಬರುವ ವ್ಯವಸ್ಥೆಯೊಂದು ಕ್ರಮೇಣ ಏರ್ಪಟ್ಟಿತು. 1940ರ ದಶಕದಲ್ಲಿ ಮೈಸೂರು ಸೀಮೆಯ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗಳಲ್ಲಿ ಪುಸ್ತಕಾಲಯಗಳನ್ನು ತೆರೆಯಿಸಿತು. ಹೊಸದಾಗಿ ಅಕ್ಷರ ಕಲಿತವರಿಗೆಂದು ‘ಬೆಳಕು’ ಎಂಬ ವಾರಪತ್ರಿಕೆಯನ್ನೂ, ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿತು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿಯೇ. ‘ಪ್ರತಿ ವಾಚಕನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ವಾಚಕ’ ಎಂಬುದು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡರ ಸಾರ. 1965ರಲ್ಲಿ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. 1966ರ ನವೆಂಬರ್‌ನಿಂದ ಆಚರಣೆಗೆ ಬಂದಿತು. ಮನೆಯ ಕಂದಾಯದ ಪ್ರತಿ ರೂಪಾಯಿಗೆ ಆರು ಪೈಸೆಯಂತೆ ಸಂದಾಯವಾಗುವ ಗ್ರಂಥಾಲಯ ಕರ ಈ ಕಾಯಿದೆಯ ಫಲ. ಪಟ್ಟಣದಲ್ಲಿ ಮನೆ ಉಳ್ಳ ಪ್ರತಿಯೊಬ್ಬ ಗೃಹಸ್ಥನೂ, ತಿಳಿದೋ ತಿಳಿಯದೆಯೋ, ಪುಸ್ತಕದಾನ ಮಾಡುತ್ತಲೇ ಇದ್ದಾನೆ.

ಇಂದು ರಾಜ್ಯದಲ್ಲಿ ಐದು ಸಾವಿರಕ್ಕೂ ಮೀರಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ದೊರೆಯಿತು. ಈಚೆಗೆ ಇವಕ್ಕೆ ‘ಅರಿವು ಕೇಂದ್ರ’ವೆಂಬ ಹೆಸರೂ ಬಂದಿದೆ. ಇನ್ನೊಂದು ಕಡೆ ಗ್ರಂಥಾಲಯ ಇಲಾಖೆ ಆಯ್ಕೆಯಾದ ಕನ್ನಡ ಪುಸ್ತಕಗಳ 300 ಪ್ರತಿಗಳನ್ನು ಸಗಟಾಗಿ ಕೊಳ್ಳುವ ಪದ್ಧತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಅಲ್ಪ ಸಂಖ್ಯೆಯಲ್ಲಿ ಅಚ್ಚಾಗುವ ಕವನ ಸಂಕಲನಕ್ಕೂ ಕಥಾಸಂಗ್ರಹಕ್ಕೂ ಈ 300 ಪ್ರತಿಗಳೇ ಊರುಗೋಲು.

ವ್ಯವಸ್ಥೆಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದರೊಂದಿಗೆ ಒಂದು ನಷ್ಟವೂ ಆಯಿತು. ಗಳಗನಾಥರಿಗೆ ತಮ್ಮ ಪುಸ್ತಕ ಯಾರ ಮನೆಯ ಹೊಸ್ತಿಲನ್ನು ದಾಟಿತೆಂಬುದು ಗೊತ್ತಿತ್ತು. ಈಗಿನ ಲೇಖಕನಿಗೆ ತನ್ನ 300 ಪ್ರತಿಗಳು ಯಾವ ಊರಿನ ಯಾವ ಕಪಾಟಿನಲ್ಲಿ ಕುಳಿತಿವೆಯೋ, ಯಾರಾದರೂ ಅವನ್ನು ತೆರೆದರೋ ಇಲ್ಲವೋ ತಿಳಿಯುವ ಮಾರ್ಗವೇ ಇಲ್ಲ. ಅದು ತಿಳಿದಿರುವುದು ಬಾಗಿಲ ಬಳಿಯ ರಿಜಿಸ್ಟರಿಗೆ ಮಾತ್ರ.

ಸಭೆಯ ಕೊನೆಯ ಸಾಲು

ಲೇಖಕರು ಈ ಜಿಲ್ಲೆಗೆ ಬರುವುದೇ ಇಲ್ಲವೆಂದೇನೂ ಅಲ್ಲ. 2009ರ ಫೆಬ್ರವರಿಯಲ್ಲಿ 75ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದದ್ದು ಚಿತ್ರದುರ್ಗದಲ್ಲಿಯೇ. ವಚನಗಳ ಸಂಪಾದನೆಗೆ ಜೀವವನ್ನೇ ತೇಯ್ದ ಎಲ್. ಬಸವರಾಜು ಅವರು ಅಧ್ಯಕ್ಷರು. ಹೊಸದುರ್ಗ ತಾಲ್ಲೂಕಿಗಂತೂ ಇನ್ನೊಂದು ಹಿರಿಮೆ ಉಂಟು. ಇದೇ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ನಾಟಕ ತಂಡ ಅಂದಿನಿಂದ ನಾಡಿನ ಉದ್ದಗಲಕ್ಕೂ ನಾಟಕವನ್ನು ಹೊತ್ತುಕೊಂಡು ಹೋಗುತ್ತಿದೆ. ಅಲ್ಲಿಯ ಬಯಲು ರಂಗಮಂದಿರದ ನಾಟಕೋತ್ಸವಕ್ಕೆ ಸುತ್ತಿನ ಹಳ್ಳಿಗಳ ಜನ ಕುಟುಂಬ ಸಮೇತರಾಗಿ ಬಂದು ಕೂರುತ್ತಾರೆ. ಹಳ್ಳಿಗೆ ಕಲೆಯನ್ನು ಕೊಂಡೊಯ್ದರೆ ಜನ ಬರುವರೇ ಎಂದು ಸಂಶಯಪಡುವವರಿಗೆ ಸಾಣೇಹಳ್ಳಿಯೇ ಉತ್ತರ. ನಾಟಕಕ್ಕೆ ಸಾಧ್ಯವಾದದ್ದು ಪುಸ್ತಕಕ್ಕೆ ಏಕೆ ಸಾಧ್ಯವಾಗಬಾರದು?

ಪುಸ್ತಕದ ಮೆರವಣಿಗೆ ಮಾತ್ರ ಬಹುಪಾಲು ಪಟ್ಟಣದಲ್ಲಿಯೇ ನಿಂತಿದೆ. 2007ರಲ್ಲಿ ಎಸ್. ಎಲ್. ಭೈರಪ್ಪನವರ ‘ಆವರಣ’ ಅಂಗಡಿಗೆ ಬರುವ ಮೊದಲೇ ಪ್ರತಿಗಳು ಮುಂಗಡವಾಗಿ ಮಾರಾಟವಾಗಿ ಹೋದದ್ದನ್ನು ವಾಚಕರು ಮರೆತಿರಲಾರರು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದು, ಕನ್ನಡದ ಪುಸ್ತಕದ ಮೇಲೆ ಲೋಕದ ಕಣ್ಣು ಬಿದ್ದಿತು. ಪುಸ್ತಕ ಮುಂಗಡವಾಗಿ ಕಾದಿರಿಸಿದವರಿಗೆ ಲೇಖಕರ ಸಹಿ ಇರುವ ಪ್ರತಿಯನ್ನೇ ಅಂಚೆಯಲ್ಲಿ ಕಳುಹಿಸುವ ಪದ್ಧತಿಯನ್ನು ಪ್ರಕಾಶಕರು ಈಗ ರೂಢಿಸಿಕೊಂಡಿದ್ದಾರೆ. ನೂರಾರು ಪ್ರತಿಗಳನ್ನು ಎದುರಿಗೆ ರಾಶಿ ಹಾಕಿಕೊಂಡು ಲೇಖಕರು ಒಂದೇ ಬೈಠಕ್ಕಿನಲ್ಲಿ ಸಹಿ ಹಾಕಿ ಮುಗಿಸುತ್ತಾರೆ.

ಅಂಥ ಸಹಿಯೂ ಸಹಿಯೇ. ಆದರೆ ಅದರಲ್ಲಿ ವಾಚಕನ ಹೆಸರಿಲ್ಲ. ಎದುರಿಗೆ ನಿಂತು ಪಡೆದ ಸಹಿಯ ಸೊಗಸೇ ಬೇರೆ. ‘ನಿಮ್ಮ ಹೆಸರೇನು?’ ಎಂದು ಲೇಖಕರು ಕೇಳುತ್ತಾರೆ. ಹೇಳಬೇಕೆಂದು ದಾರಿಯುದ್ದಕ್ಕೂ ಕಂಠಪಾಠ ಮಾಡಿಕೊಂಡು ಬಂದ ಮಾತುಗಳೆಲ್ಲ ಗಂಟಲಲ್ಲಿಯೇ ಉಳಿದು ಹೆಸರೊಂದೇ ಹೊರಬೀಳುತ್ತದೆ. ಅದನ್ನು ‘ಶ’ದಿಂದ ಬರೆಯಬೇಕೋ ‘ಷ’ದಿಂದಲೋ ಎಂದು ಅವರು ತಲೆಯೆತ್ತಿ ನೋಡುತ್ತಾರೆ. ಅರ್ಧ ನಿಮಿಷವೂ ಹಿಡಿಯದ ಆ ನೋಟವನ್ನು ವಾಚಕನು ಆಯುಷ್ಯವಿಡೀ ನೆನೆಯುತ್ತಾನೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ‘ಪ್ರೀತಿಯಿಂದ’ ಎಂದು ಲೇಖಕರು ಬರೆದುಕೊಟ್ಟ ಪ್ರತಿಗಳು ಆಗಾಗ ತಲೆದೋರುವುದುಂಟು. ಅವನ್ನು ಕಂಡಾಗ ಮನಸ್ಸಿಗೆ ಆಗುವ ಕಳವಳ ಇದೇ ಕಾರಣದ್ದು. ಒಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು ಕರೆದ ಕ್ಷಣವೊಂದು ತೂಕಕ್ಕೆ ಬಿದ್ದಿರುವುದನ್ನು ಕಂಡ ಕಳವಳ ಅದು.

ಯಾರ ಪ್ರತಿಗೆ ಸಹಿ?

ಮಾಡದಕೆರೆಯಂಥ ಊರಿನ ಗ್ರಂಥಾಲಯಕ್ಕೆ ಲೇಖಕರೊಬ್ಬರು ಬಂದರೆನ್ನಿ. ಶಾಲೆಯ ಮಕ್ಕಳು ಅವರ ಪುಸ್ತಕವನ್ನು ಮೊದಲೇ ಓದಿಕೊಂಡು ಬಂದಿರುತ್ತಾರೆ; ಅದಿಲ್ಲದಿದ್ದರೆ ಸಭೆ ಬರಿಯ ಹಾರ ತುರಾಯಿಗಳಲ್ಲಿ ಮುಗಿದೀತು. ಕೊಳ್ಳಬಲ್ಲವರು ಒಂದೊಂದು ಪ್ರತಿ ಕೊಂಡು ಸಹಿ ಪಡೆಯುತ್ತಾರೆ. ಮೂರು ನಾಲ್ಕುನೂರು ರೂಪಾಯಿ ಕೊಟ್ಟು ಪುಸ್ತಕ ಕೊಳ್ಳಲು ಆಗದವರು ಏನು ಮಾಡಬೇಕು? ನೋಟುಪುಸ್ತಕದಿಂದ ಹರಿದ ಹಾಳೆಯನ್ನು ಮುಂದೆ ಚಾಚುವ ಹುಡುಗಿಯ ಪಾಲಿಗೆ ಪುಸ್ತಕವಿಲ್ಲದ ಸಹಿಯಷ್ಟೇ ಉಳಿಯಬೇಕೆ?

ಇದಕ್ಕೆ ಗ್ರಂಥಾಲಯವೇ ಒಂದು ಉತ್ತರವನ್ನು ಇಟ್ಟುಕೊಂಡಿದೆ. ಕಪಾಟಿನಲ್ಲಿ ಇರುವ ಪ್ರತಿ, ನಾಲ್ಕಾರು ಕೈಗಳಲ್ಲಿ ಹಾದು ಅಂಚು ಸವೆದ ಪ್ರತಿ, ಅದರ ಮೇಲೆ ಲೇಖಕರ ಸಹಿ ಬೀಳಲಿ. ವಾಚಕನ ಹೆಸರಿನ ಸ್ಥಳದಲ್ಲಿ ಊರಿನ ಹೆಸರನ್ನು ಬರೆಯಲಿ. ಕೆಳಗೆ ತಾರೀಖು ಹಾಕಲಿ. ಮನೆಯ ಕಪಾಟಿನ ಸಹಿಯನ್ನು ಒಂದು ಕುಟುಂಬ ನೋಡುತ್ತದೆ. ಗ್ರಂಥಾಲಯದ ಪ್ರತಿಯ ಸಹಿ ಹದಿನೈದು ದಿನಕ್ಕೊಮ್ಮೆ ಹೊಸ ಮನೆಗೆ ಹೋಗುತ್ತದೆ. ಅಂದು ಹಾಳೆ ಚಾಚಿದ ಹುಡುಗಿ ನಾಳೆ ಅದನ್ನು ಮನೆಗೆ ಒಯ್ದು ತಾಯಿಗೆ ತೋರಿಸಬಹುದು. ಮುಂದೆ ಅವಳ ಮಗಳೂ ನೋಡಬಹುದು. ಯಾರೊಬ್ಬರದೂ ಅಲ್ಲದ ಆ ಸಹಿ ಎಲ್ಲರದೂ ಆಗುತ್ತದೆ.

ಲೇಖಕರಿಗೂ ಅಲ್ಲಿ ಒಂದು ಕಾಣಿಕೆ ಕಾದಿರುತ್ತದೆ. ಸಭೆ ಮುಗಿದು ಚಹಾ ಆದ ಮೇಲೆ ಗ್ರಂಥಪಾಲಕರು ರಿಜಿಸ್ಟರನ್ನು ತೆರೆದು ಆ ಪುಸ್ತಕದ ಸಂಖ್ಯೆಯ ಮುಂದಿನ ಸಾಲುಗಳನ್ನು ತೋರಿಸಿದರೆ ಸಾಕು. ಯಾವ ವಿಮರ್ಶಕನ ಕಣ್ಣಿಗೂ ಬೀಳದ, ಯಾವ ಪ್ರಶಸ್ತಿ ಸಮಿತಿಯೂ ಎಣಿಸದ ಓದುಗರ ಪಟ್ಟಿ ಅದು. ಹೆಸರು, ತಾರೀಖು, ಸಹಿ. 300 ಪ್ರತಿಗಳಲ್ಲಿ ಒಂದರ ವೃತ್ತಾಂತವಾದರೂ ಅವರಿಗೆ ಅಂದು ತಿಳಿಯುತ್ತದೆ. ಸಾಲುಗಳು ಬರಿದಾಗಿದ್ದರೆ ಅದೂ ಒಂದು ತಿಳಿವಳಿಕೆಯೇ. ಬರೆದವರೂ, ಕೊಂಡವರೂ, ಊರಿನವರೂ ಕೂಡಿ ಯೋಚಿಸಬೇಕಾದ ವಿಷಯ.

ಪಟ್ಟಣದ ಕುಟುಂಬಗಳು ಇದರಲ್ಲಿ ಮಾಡಬಹುದಾದದ್ದು ಅಲ್ಪವೇನಲ್ಲ. ಬಹುಮಂದಿಗೆ ಇಂಥದೊಂದು ಹುಟ್ಟೂರು ಇದ್ದೇ ಇರುತ್ತದೆ. ಜಾತ್ರೆಗೆ, ಹಬ್ಬಕ್ಕೆ ಹೋಗುವಾಗ ಅಲ್ಲಿಯ ಗ್ರಂಥಾಲಯಕ್ಕೆ ಒಂದು ಪುಸ್ತಕವನ್ನು ಒಯ್ಯಬಹುದು. ಪರಿಚಯದ ಲೇಖಕರಿದ್ದರೆ ಒಂದು ಸಂಜೆ ಅವರನ್ನೂ ಜೊತೆಗೆ ಕರೆದೊಯ್ಯಬಹುದು. ಮಕ್ಕಳಿಗೆ ರಜೆಯಲ್ಲಿ ಸದಸ್ಯತ್ವ ಮಾಡಿಸಬಹುದು. ಹೆಗಲ ಮೇಲೆ ಗಂಟು ಹೊತ್ತು ನಡೆದವರಿದ್ದ ನಾಡಿನಲ್ಲಿ ಬಸ್ಸಿನಲ್ಲಿ ಕುಳಿತು ಹೋಗುವುದು ದೊಡ್ಡ ತ್ಯಾಗವೆನಿಸದು.

ಬರಲಾರದ ಲೇಖಕರ ಮಾತು ಬೇರೆ. ‘ದುರ್ಗಾಸ್ತಮಾನ’ದ ಪ್ರತಿಗೆ ಇನ್ನು ಯಾರೂ ಸಹಿ ಹಾಕುವಂತಿಲ್ಲ. ಅದರ ಮೊದಲ ಪುಟದ ಮೇಲೆ ಗ್ರಂಥಾಲಯದ ಮೊಹರೊಂದೇ ಇರುತ್ತದೆ. ಆದರೆ ದುರ್ಗದ ಸೀಮೆಯ ಯಾವುದೋ ಊರಿನಲ್ಲಿ ಒಬ್ಬ ಹುಡುಗ ಅದನ್ನು ಕಪಾಟಿನಿಂದ ಇಳಿಸಿಕೊಂಡು, ಮೇಜಿನ ಬಳಿಗೆ ಬಂದು, ರಿಜಿಸ್ಟರಿನಲ್ಲಿ ತನ್ನ ಹೆಸರನ್ನು ಬರೆಯುತ್ತಾನೆ. ಬರೆದವರು ಹೋದ ಮೇಲೆಯೂ ಈ ಕಡೆಯ ಸಹಿ ನಿಲ್ಲದೆ ಬೀಳುತ್ತಿರುವಷ್ಟು ಕಾಲ ಆ ಪುಸ್ತಕ ಅನಾಥವಲ್ಲ.